ಪೈಪಿನೊಳಗೆ ಎರಡು ಹದ

ವರ್ಜೀನಿಯಾ ಎಲೆಗೆ ಪೆರೀಕ್ ಎಂಬ ಹುದುಗಿಸಿದ ತಂಬಾಕನ್ನು ಬೆರೆಸಿದ ಪೈಪ್ ತಂಬಾಕಿನ ಡಬ್ಬಿ ತೆರೆದರೆ ಮೊದಲು ಬರುವುದು ಒಣಹುಲ್ಲಿನ ಸಿಹಿ ಘಮ, ಅದರ ಬೆನ್ನಿಗೇ ಅಂಜೂರದ, ತುಸು ಹುಳಿಯಾದ ಗಾಢ ವಾಸನೆ. ಸುಗಂಧವೇನೂ ಸೇರಿಸದ ಮಿಶ್ರಣದಲ್ಲೂ ಇದು ಇರುತ್ತದೆ. ಎಲೆಯನ್ನು ಹದ ಮಾಡುವ ಎರಡು ವಿರುದ್ಧ ವಿಧಾನಗಳು ಇಲ್ಲಿ ಎದುರುಬದುರಾಗುತ್ತವೆ.

ವರ್ಜೀನಿಯಾ ಹದ ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಚೆನ್ನಾಗಿ ಗೊತ್ತು. ಕೊಯ್ದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ, ಅಂದರೆ ಶಾಖ ಕೊಟ್ಟು ಎಲೆ ಒಣಗಿಸುವ ಕೋಣೆಯಲ್ಲಿ, ನೇತುಹಾಕುತ್ತಾರೆ. 35–40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆಗೆ ಇನ್ನೂ ಜೀವವಿರುತ್ತದೆ. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಹಸಿರು ಹೋಗಿ ಹಳದಿ ಮೂಡುತ್ತದೆ. ಆ ಗಳಿಗೆಯನ್ನು ಹಿಡಿದು ಶಾಖವನ್ನು 70 ಡಿಗ್ರಿಯ ಆಸುಪಾಸಿಗೆ ಏರಿಸುತ್ತಾ ಹೋದರೆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ತಡವಾದರೆ ಎಲೆ ಕಂದಿಹೋಗುತ್ತದೆ.

ಪೆರೀಕ್‌ನದು ಇದಕ್ಕೆ ತದ್ವಿರುದ್ಧ. ಅಮೆರಿಕದ ಲೂಸಿಯಾನಾದಲ್ಲಿ, ಮಿಸಿಸಿಪಿ ನದಿಯ ದಂಡೆಯ ಸೇಂಟ್ ಜೇಮ್ಸ್ ಪ್ರಾಂತದಲ್ಲಿ, ನೆರಳಿನಲ್ಲಿ ಒಣಗಿಸಿದ ಎಲೆಯನ್ನು ತುಸು ಒದ್ದೆ ಮಾಡಿ ವಿಸ್ಕಿಯ ಪೀಪಾಯಿಗೆ ತುಂಬಿ, ತಿರುಪಿನ ಜಾಕ್ ಹಾಕಿ ಬಿಗಿಯಾಗಿ ಒತ್ತುತ್ತಾರೆ. ಎಲೆಯ ರಸ ಹೊರಬಂದು ಎಲೆ ಅದರಲ್ಲೇ ಮುಳುಗುತ್ತದೆ, ಗಾಳಿ ಸೋಕದ ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ. ಆಗಾಗ ಪೀಪಾಯಿ ಬಿಚ್ಚಿ, ಎಲೆಯನ್ನು ಗಾಳಿಗೆ ಹರವಿ, ಮತ್ತೆ ಒತ್ತುತ್ತಾರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎಲೆ ಕಪ್ಪಾಗಿ, ವಿನೆಗರ್ ಮತ್ತು ಹಣ್ಣಿನ ವಾಸನೆ ಅದರಲ್ಲಿ ನೆಲೆಯೂರುತ್ತದೆ. ಪಿಯರ್ ಶೆನೆ ಎಂಬ ರೈತ 1824ರಲ್ಲಿ ಸ್ಥಳೀಯ ಚೋಕ್ಟಾ ಜನರಿಂದ ಈ ವಿದ್ಯೆ ಕಲಿತನೆಂಬ ಪ್ರತೀತಿ ಅಲ್ಲಿದೆ. ಉಪ್ಪಿನಕಾಯಿ ಹಾಕುವ ಕೈಗಳಿಗೆ ಈ ಒತ್ತಡ, ಈ ಕಾಯುವಿಕೆ ಅರ್ಥವಾಗದೆ ಇರದು.

ಇನ್ನು ರುಚಿ. ನಾಲಿಗೆ ಹಿಡಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವನ್ನು ಮಾತ್ರ. ಅಂಜೂರವೆನಿಸುವುದನ್ನು ಗುರುತಿಸುವುದು ಮೂಗು. ಹೊಗೆಯನ್ನು ಬಾಯಿಯಿಂದ ಹಿಂಬದಿಯ ದಾರಿಯಲ್ಲಿ ಮೂಗಿಗೆ ಬಿಟ್ಟಾಗಲೇ ಅದು ತೆರೆದುಕೊಳ್ಳುತ್ತದೆ. ಕಾಳುಮೆಣಸಿನಂಥ ಚುರುಕು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಮುಖದ ಟ್ರೈಜೆಮಿನಲ್ ನರದ ಉರಿ, ನಿಕೋಟಿನ್ ಕೂಡ ಅದನ್ನು ಕೆರಳಿಸುತ್ತದೆ. ಆದ್ದರಿಂದ ಚುರುಕು ಹೆಚ್ಚಿದ್ದರೆ ಮಿಶ್ರಣ ಉತ್ತಮವೆಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಸಕ್ಕರೆ ಹೆಚ್ಚಿರುವ ಎಲೆ ಬಿಸಿಯಾಗಿ ಉರಿಯುತ್ತದೆ, ಅವಸರದಿಂದ ಎಳೆದರೆ ನಾಲಿಗೆ ಕಡಿಯುತ್ತದೆ, ಘಮವೂ ಸುಟ್ಟುಹೋಗುತ್ತದೆ. ಸಾವಧಾನವಾಗಿ ಎಳೆದವರಿಗೆ ಮಾತ್ರ ಎರಡೂ ಎಲೆಗಳು ಬೇರೆ ಬೇರೆಯಾಗಿ ಸಿಗುತ್ತವೆ.

ಹೊಗೆಯನ್ನು ಒಳಗೆಳೆಯದ ಪೈಪ್ ಸೇದುಗರಿಗೂ ಬಾಯಿ, ಗಂಟಲಿನ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇದೆ. ಡಬ್ಬಿಯ ಘಮವನ್ನಷ್ಟೇ ಮೂಸಿ ನೋಡಿದರೂ ಈ ಎರಡು ಹದಗಳ ಅರ್ಧಕ್ಕಿಂತ ಹೆಚ್ಚು ಕಥೆ ತಿಳಿಯುತ್ತದೆ. ಪೆರೀಕ್ ಸ್ವಲ್ಪವೇ ಸಾಕು. ಒಣಹುಲ್ಲಿನ ಘಮವನ್ನು ಅದು ಮುಚ್ಚಿಬಿಟ್ಟರೆ ಬೆರೆಸಿದವರ ಅಳತೆ ತಪ್ಪಿದೆ ಎಂದೇ ಅರ್ಥ.