ಬಸ್ ಬುಕ್ ಮಾಡಿದಿರಿ, ಊಹೆ ಬರೆಸಿದಿರಾ?

ಕಾಲೇಜಿನ ಕೋರ್ಸ್‌ಗೆ ಫೀಲ್ಡ್‌ವರ್ಕ್ ಸೇರಿಸಬೇಕು ಅಂತ ಸಲಹೆ ಕೇಳಿಕೊಂಡು ಬರುವ ಅಧ್ಯಾಪಕರು ನನ್ನ ಮುಂದೆ ಒಂದು ಪ್ಲಾನ್ ಇಡುತ್ತಾರೆ. ಅದರಲ್ಲಿ ಬಸ್ಸಿನ ವ್ಯವಸ್ಥೆ ಇರುತ್ತದೆ, ಅನುಮತಿ ಪತ್ರ ಇರುತ್ತದೆ, ಊಟಕ್ಕೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅನ್ನುವುದೂ ಇರುತ್ತದೆ. ವಿದ್ಯಾರ್ಥಿಗಳು ಯಾವ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಬಸ್ ಹತ್ತುತ್ತಾರೆ ಅನ್ನುವುದು ಮಾತ್ರ ಇರುವುದಿಲ್ಲ. ಕೇಳಿದರೆ, "ಅಲ್ಲಿಗೆ ಹೋಗಿ ನೋಡಿದ್ರೆ ತಾನೇ ಗೊತ್ತಾಗುತ್ತೆ ಬಿಡಿ ಸರ್" ಅನ್ನುತ್ತಾರೆ.

ಗೊತ್ತಾಗುವುದಿಲ್ಲ. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಹೋಗಿ ನೋಡಿದರೆ ಸಾಕು ಅನ್ನುವ ಈ ನಂಬಿಕೆಗೆ ಒಂದು ಅಂಕಿಪಟ್ಟಿ ಬೇರೆ ಬೆಂಬಲಕ್ಕಿದೆ. ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20, ಸ್ವತಃ ಮಾಡಿದ್ದರಲ್ಲಿ ಶೇ 90 ಅಂತ. ತರಬೇತಿ ಕಾರ್ಯಕ್ರಮಗಳ ಸ್ಲೈಡ್‌ಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಪಕ್ಕದಲ್ಲಿ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರೂ ಇರುತ್ತದೆ. ಕಲಿಕೆಯ ಬೇರೆ ಬೇರೆ ಅನುಭವಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಡೇಲ್ 1946ರಲ್ಲಿ ಒಂದು ಶಂಕುವಿನ ಚಿತ್ರ ಬರೆದದ್ದು ನಿಜ. ಅದರಲ್ಲಿ ಯಾವ ಶೇಕಡಾವಾರೂ ಇರಲಿಲ್ಲ. ಅಂಕಿಗಳು ಬೇರೆ ಕಡೆಯಿಂದ ಬಂದು ಅಂಟಿಕೊಂಡವು, ಅವುಗಳ ಹಿಂದೆ ನಂಬುವಂಥ ಯಾವ ಪ್ರಯೋಗವೂ ಇಲ್ಲ. ಅಲ್ಲ, ನೆನಪು ಹಾಗೆ ಹತ್ತರ ಮಡಿಯಲ್ಲೇ ಬರುತ್ತಾ ಅಂತ ಯಾರಿಗೂ ಅನುಮಾನ ಬರುವುದಿಲ್ಲವಲ್ಲ!

ಹೊರಗೆ ಹೋಗಿ ಕಲಿಯುವುದು ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ನನ್ನ ಕಸುಬು. ನಾನು ಹೇಳುವುದು ಇಷ್ಟೇ: ಮನಸ್ಸಿನಲ್ಲಿ ಮೊದಲೇ ಒಂದು ಊಹೆ ಇದ್ದು, ಕಣ್ಣೆದುರು ಕಂಡದ್ದು ಅದಕ್ಕೆ ಹೊಂದದೆ ಹೋದಾಗ ಕಲಿಕೆ ಶುರುವಾಗುತ್ತದೆ. ಊಹೆಯೇ ಇಲ್ಲದವರಿಗೆ ಯಾವುದೂ ಆಶ್ಚರ್ಯ ಅನ್ನಿಸುವುದಿಲ್ಲ. ಅವರು ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಚೆನ್ನಾಗಿತ್ತು ಅನ್ನುತ್ತಾರೆ.

ಹೊಳೆಯ ಉದಾಹರಣೆ ಕೊಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಒಂದೇ ಹೊಳೆಯ ಎರಡು ಜಾಗ ತೆಗೆದುಕೊಳ್ಳಿ. ಒಂದು ಮೇಲೆ, ಬೆಟ್ಟದ ಇಳಿಜಾರಿನಲ್ಲಿ. ಅಲ್ಲಿ ಬಂಡೆಗಳ ಮಧ್ಯೆ ನೀರು ಬೆಳ್ಳಗೆ ನೊರೆಯೆದ್ದು ಸದ್ದು ಮಾಡುತ್ತಾ ಧುಮುಕುತ್ತದೆ. ಇನ್ನೊಂದು ಕೆಳಗೆ, ಸಮತಟ್ಟಿನಲ್ಲಿ, ಅಗಲವಾಗಿ ಸುಮ್ನೆ ಹರಿಯುತ್ತದೆ. ಎಲ್ಲಿ ಸರಾಸರಿ ವೇಗ ಜಾಸ್ತಿ? ಹೊರಡುವ ಹಿಂದಿನ ದಿನ ತರಗತಿಯಲ್ಲಿ ಕೇಳಿದರೆ ಹೆಚ್ಚು ಕಡಿಮೆ ಎಲ್ಲರೂ ಮೇಲೆ ಅಂತಲೇ ಬರೆಯುತ್ತಾರೆ. ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ ಬೇಡ. ಯಾಕೆ ಹಾಗನ್ನಿಸುತ್ತದೆ ಅಂತ ಒಂದು ಸಾಲು ಕಾರಣವನ್ನೂ ಬರೆಸಿ.

ಮರುದಿನ ಅಳೆಯುವುದು ಕಷ್ಟವೇನಲ್ಲ. ದಡದ ಉದ್ದಕ್ಕೆ 10 ಮೀಟರ್ ಗುರುತು ಹಾಕಿ, ತೇಲುವ ವಸ್ತು ಬಿಟ್ಟು, ಸ್ಟಾಪ್‌ವಾಚ್ ಹಿಡಿದು, ಹೊಳೆಯ ಅಗಲಕ್ಕೆ ಬೇರೆ ಬೇರೆ ಕಡೆ ನಾಲ್ಕಾರು ಸಲ ನೋಡಿದರೆ ಮೇಲ್ಮೈಯ ವೇಗ ಸಿಗುತ್ತದೆ. ತಳದ ಹತ್ತಿರ ನೀರು ನಿಧಾನ, ಆದ್ದರಿಂದ ಸರಾಸರಿ ಬೇಕಾದರೆ ಅದನ್ನು ಸುಮಾರು 0.85ರಿಂದ ಗುಣಿಸಬೇಕು. ಆಳ ಕಡಿಮೆ ಇದ್ದು ಕಲ್ಲುಗಳು ಜಾಸ್ತಿ ಇರುವ ಕಡೆ ಇನ್ನೂ ಸಣ್ಣ ಸಂಖ್ಯೆ ಹಿಡಿಯಬೇಕು. (ನೀರಿಗೆ ಇಳಿಸುವ ವಿಷಯದಲ್ಲಿ ನನ್ನ ಸಲಹೆಯನ್ನಷ್ಟೇ ನಂಬಿಕೊಂಡು ಹೊರಡಬೇಡಿ. ಮಳೆ ಬಂದ ಮರುದಿನವಾದರೆ ದಡದಿಂದಲೇ ಅಳೆಯಿರಿ, ಸ್ಥಳ ಗೊತ್ತಿರುವವರು ಜೊತೆಗಿರಲಿ.)

ಲೆಕ್ಕ ಮುಗಿಸಿದಾಗ ಬಹಳ ಸಲ ಎರಡೂ ಕಡೆಯ ವೇಗ ಹತ್ತಿರ ಹತ್ತಿರ ಇರುತ್ತದೆ, ಅಥವಾ ಕೆಳಗಿನದ್ದೇ ಜಾಸ್ತಿ ಇರುತ್ತದೆ. ಎಲ್ಲ ಹೊಳೆಯೂ ಹೀಗೇ ಅಂತ ಅಲ್ಲ. ಆದರೆ ಅಮೆರಿಕದ ಲೂನಾ ಲಿಯೊಪೋಲ್ಡ್ ಎಂಬ ಭೂವಿಜ್ಞಾನಿ 1953ರಲ್ಲೇ ಅಲ್ಲಿನ ನದಿಗಳ ಅಳತೆಗಳನ್ನು ಒಟ್ಟು ಮಾಡಿ, ಕೆಳಕ್ಕೆ ಹೋದಂತೆ ಸರಾಸರಿ ವೇಗ ಸಾಮಾನ್ಯವಾಗಿ ತುಸು ಹೆಚ್ಚುತ್ತಲೇ ಹೋಗುತ್ತದೆ ಅಂತ ತೋರಿಸಿದ್ದರು. ಮೇಲೆ ಇಳಿಜಾರು ಇದ್ದರೂ ಆಳ ಕಡಿಮೆ, ತಳ ಒರಟು. ನೀರಿನ ಶಕ್ತಿಯೆಲ್ಲ ಕಲ್ಲಿಗೆ ಬಡಿದು, ಸುಳಿ ಸುತ್ತಿ ಹೋಗಿಬಿಡುತ್ತದೆ. ಕೆಳಗೆ ಆಳ ಜಾಸ್ತಿ, ತಡೆಯುವ ಒರಟು ಕಡಿಮೆ.

ಊಹೆ ಬರೆದಿದ್ದ ಗುಂಪಿನಲ್ಲಿ ಈ ಹಂತದಲ್ಲಿ ಜಗಳ ಶುರುವಾಗುತ್ತದೆ. ಅಳತೆ ತಪ್ಪಿರಬೇಕು ಅಂತ ಒಬ್ಬರು, ಸ್ಟಾಪ್‌ವಾಚ್ ಹಿಡಿದವನದ್ದು ತಪ್ಪು ಅಂತ ಇನ್ನೊಬ್ಬರು. ಮತ್ತೆ ಅಳೆಯುತ್ತಾರೆ, ಯಾರೂ ಹೇಳದೆಯೇ. ನನಗೆ ಆ ಮಕ್ಕಳ ಮೇಲೆ ಎಲ್ಲಿಲ್ಲದ ಪ್ರೀತಿ ಬರುವುದು ಆಗಲೇ. ಊಹೆ ಬರೆಯದ ಗುಂಪಿಗೂ ಅದೇ ಹೊಳೆ, ಅದೇ ಸಂಖ್ಯೆ. ಅವರು ಅದನ್ನು ಕೋಷ್ಟಕಕ್ಕೆ ತುಂಬಿಸಿ ಬಸ್ ಹತ್ತುತ್ತಾರೆ. ವಾರದ ನಂತರ ಕೇಳಿ ನೋಡಿ, ಬೆಟ್ಟದ ಹೊಳೆಯೇ ವೇಗ ಅನ್ನುತ್ತಾರೆ. ತಮ್ಮ ರೆಕಾರ್ಡ್‌ನಲ್ಲೇ ಅದಕ್ಕೆ ವಿರುದ್ಧವಾದ ಸಂಖ್ಯೆ ಕೂತಿರುತ್ತದೆ. ನೆನಪು ಹಳೆಯ ನಂಬಿಕೆಯ ಪಕ್ಷ ವಹಿಸುತ್ತದೆ. ನೊರೆ ನೆನಪಿರುತ್ತದೆ, ಸಂಖ್ಯೆ ಇರುವುದಿಲ್ಲ.

"ಇದು ನಿಮ್ಮ ಭೂಗೋಳಕ್ಕೆ ಸರಿ, ನಮ್ಮ ವಿಷಯಕ್ಕೆ ಹೇಗೆ?" ಅಂತ ಸಮಾಜಶಾಸ್ತ್ರದವರು ಕೇಳುತ್ತಾರೆ. ಹೇಗೆ ಅಂದರೆ ಹೀಗೆ. ಮನೆಮನೆ ಸಮೀಕ್ಷೆಗೆ ಹೋಗುವ ಮೊದಲು ಪ್ರತಿ ಪ್ರಶ್ನೆಗೂ ಏನು ಉತ್ತರ ಬರಬಹುದು ಅಂತ ವಿದ್ಯಾರ್ಥಿಯೇ ತುಂಬಲಿ. ದಿನಕ್ಕೆ ಎಷ್ಟು ಲೀಟರ್ ನೀರು ಬಳಸುತ್ತೀರಿ ಅನ್ನುವ ಪ್ರಶ್ನೆಗೆ ತನ್ನ ಮನೆಯ ಉತ್ತರ ಬರೆಯಲು ಕೂತರೆ ಕೈ ನಿಂತುಹೋಗುತ್ತದೆ. ತನಗೇ ಗೊತ್ತಿಲ್ಲದ್ದನ್ನು ಬೇರೆಯವರಲ್ಲಿ ಕೇಳಲು ಹೊರಟಿದ್ದೆ ಅನ್ನುವುದು ಹೊಳೆದ ಮೇಲೆ ಪ್ರಶ್ನೆಯನ್ನು ತಾನೇ ಬದಲಿಸುತ್ತಾನೆ: ನಿನ್ನೆ ಬಕೆಟ್ ಎಷ್ಟು ಸಲ ತುಂಬಿಸಿದಿರಿ? ಇಂಟರ್ನ್‌ಶಿಪ್‌ಗೂ ಇದೇ ಮಾತು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕಾರ್ಖಾನೆಗೂ ತರಗತಿಗೂ ಸರದಿಯಂತೆ ಕಳಿಸುವ ಪದ್ಧತಿ ಶುರು ಮಾಡಿದರು. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಸರದಿ. ಕಾರ್ಖಾನೆಯಲ್ಲಿ ಎದ್ದ ಪ್ರಶ್ನೆ ತಣ್ಣಗಾಗುವ ಮೊದಲು ತರಗತಿಗೆ ಬರುತ್ತದೆ. ನಾವು ಕೊನೆಯ ಸೆಮಿಸ್ಟರ್‌ನಲ್ಲಿ ಕಳಿಸಿ, ಪ್ರಮಾಣಪತ್ರ ತೆಗೆದುಕೊಂಡು ಫೈಲ್ ಮುಚ್ಚುತ್ತೇವೆ. ಎದ್ದ ಪ್ರಶ್ನೆ ಯಾರ ಹತ್ತಿರ ಹೋಗಬೇಕು?

ಫೀಲ್ಡ್ ಟ್ರಿಪ್ ಕೊನೆಯಲ್ಲಿ ಇಡಬೇಡಿ ಅಂತ ನಾನು ಹಟ ಹಿಡಿಯುವುದೂ ಇದಕ್ಕೇ. ಹಿಂತಿರುಗಿದ ಮೇಲೆ ಕನಿಷ್ಠ ಒಂದೆರಡು ತರಗತಿ ಉಳಿದಿರಬೇಕು. ಆ ತರಗತಿಯಲ್ಲಿ ಮೇಷ್ಟ್ರು ವಿವರಿಸಲು ಆತುರಪಡಬಾರದು. ಮೊದಲು ಊಹೆಯ ಹಾಳೆ ಹೊರಗೆ ಬರಲಿ, ಪಕ್ಕದಲ್ಲಿ ಅಳತೆ ಬರಲಿ, ವ್ಯತ್ಯಾಸಕ್ಕೆ ಕಾರಣ ಅವರೇ ಹೇಳಲಿ. ನಮ್ಮ ಕಸುಬಿನವರಿಗೆ ಅತಿ ಕಷ್ಟದ ಕೆಲಸ ಇದು. ಬಾಯಿ ಮುಚ್ಚಿಕೊಂಡು ಕೂರುವುದನ್ನು ನಮಗೆ ಯಾರೂ ಕಲಿಸಿಲ್ಲ ನೋಡಿ.

ಒಂದು ಎಚ್ಚರಿಕೆ. ಹೀಗೆ ನಡೆಸಿದ ಕೋರ್ಸ್‌ಗೆ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಮೊದಲಿಗೆ ಚೆನ್ನಾಗಿ ಬರದೇ ಇರಬಹುದು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತಾವೇ ಲೆಕ್ಕ ಬಿಡಿಸುತ್ತಾ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ಪಡೆದರು, ಆದರೆ ಕಲಿತದ್ದು ಕಡಿಮೆ ಅಂತ ಹೇಳಿಕೊಂಡರು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಉಲ್ಟಾ. ತಡವರಿಸುವುದನ್ನು ಮಕ್ಕಳು ಸೋಲು ಅಂದುಕೊಳ್ಳುತ್ತಾರೆ. ಅದು ತರಗತಿಯ ಅಧ್ಯಯನ, ಫೀಲ್ಡ್‌ನದ್ದಲ್ಲ, ಆದರೂ ನಾನು ಕಂಡದ್ದಕ್ಕೆ ಹೊಂದುತ್ತದೆ. ಶುರುವಿನಲ್ಲೇ ಇದನ್ನು ವಿದ್ಯಾರ್ಥಿಗಳಿಗೂ ಹೇಳಿಬಿಡಿ, ನಿಮ್ಮ ಪ್ರಿನ್ಸಿಪಾಲರಿಗೂ ಹೇಳಿ.

ಇನ್ನು ಅಂಕದ ವಿಷಯ, ಯಾಕೆಂದರೆ ಕೊನೆಗೆ ಎಲ್ಲರೂ ಕೇಳುವುದು ಅದನ್ನೇ. ಊಹೆ ಸರಿಯಾಗಿದೆಯಾ ಅಂತ ನೋಡಿ ಅಂಕ ಕೊಡಬೇಡಿ. ಕೊಟ್ಟರೆ ಸೀನಿಯರ್‌ಗಳ ರೆಕಾರ್ಡ್ ನೋಡಿ ಸರಿಯಾದ ಊಹೆಯನ್ನೇ ಇಳಿಸಿಕೊಂಡು ಬರುತ್ತಾರೆ, ನಿಮಗೆ ಮತ್ತೆ ಆಶ್ಚರ್ಯವಿಲ್ಲದ ಬಸ್ಸು. ಊಹೆಗೂ ಅಳತೆಗೂ ಇರುವ ವ್ಯತ್ಯಾಸವನ್ನು ಹೇಗೆ ವಿವರಿಸಿದ್ದಾರೆ ಅನ್ನುವುದಕ್ಕೆ ಅರ್ಧದಷ್ಟಾದರೂ ಅಂಕ ಇಡಿ. ವರದಿಯ ಬೈಂಡಿಂಗ್‌ಗೆ, ಬಣ್ಣದ ಫೋಟೋಗಳಿಗೆ ಸೊನ್ನೆ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸಿ.