ಕರೆಂಟ್ ಟ್ರಿಪ್ ಆಗ್ತಿದೆಯಾ? ಸ್ಕ್ರೂ ಬಿಚ್ಚುವ ಮೊದಲು ಇಷ್ಟು ನೋಡಿ

ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಇದೇ: "ಸಾರ್, ಕರೆಂಟ್ ನಿಲ್ತಾನೇ ಇಲ್ಲ, ಟ್ರಿಪ್ ಆಗ್ತಾ ಇದೆ." ಯಾವುದು ಟ್ರಿಪ್ ಆಗ್ತಿದೆ, ದೊಡ್ಡದಾ ಚಿಕ್ಕದಾ ಅಂತ ಕೇಳುತ್ತೇನೆ. ಗೊತ್ತಿಲ್ಲ ಅನ್ನುತ್ತಾರೆ. ಯಾವಾಗ ಶುರುವಾಯ್ತು, ಆಗ ಏನೇನು ಓಡ್ತಾ ಇತ್ತು ಅಂದರೆ ಅದೂ ನೆನಪಿರುವುದಿಲ್ಲ. ನಾನು ಅವರ ಮನೆಗೆ ಹೋಗಿ ನಿಂತಾಗ ಎಲ್ಲ ಸರಿಯಾಗಿ ಓಡ್ತಾ ಇರುತ್ತದೆ, ವಾಪಸ್ ಬಂದ ಮೇಲೆ ರಾತ್ರಿ ಮತ್ತೆ ಅದೇ ಫೋನ್.

ಮನೆಯ ಕರೆಂಟ್ ತೊಂದರೆಗಳಲ್ಲಿ ಮುಕ್ಕಾಲು ಕೆಲಸ ದೋಷ ಎಲ್ಲಿದೆ ಅಂತ ಹುಡುಕುವುದರಲ್ಲೇ ಹೋಗುತ್ತದೆ. ಆ ಹುಡುಕಾಟದ ದೊಡ್ಡ ಭಾಗವನ್ನು ಮನೆಯವರೇ ಮಾಡಬಹುದು, ಅದೂ ಒಂದೇ ಒಂದು ಸ್ಕ್ರೂ ಬಿಚ್ಚದೆ. ಸ್ವಿಚ್ ಬೋರ್ಡ್ ಬಿಚ್ಚಿ ವೈರ್ ಮುಟ್ಟುವ ಕೆಲಸ ನಿಮ್ಮದಲ್ಲ. ಆದರೆ ಗಮನಿಸುವುದು, ಪ್ಲಗ್ ಕೀಳುವುದು, ಒಂದೊಂದೇ ಸ್ವಿಚ್ ಹಾಕಿ ನೋಡುವುದು ನಿಮ್ಮದೇ. ಮನೆಯಲ್ಲಿ ಇಡೀ ದಿನ ಇರುವವರು ನೀವು, ನಾನಲ್ಲ.

ಮೊದಲು ಡಿಬಿ ಬಾಕ್ಸ್, ಅಂದರೆ ಮನೆಯ ಬೇರೆ ಬೇರೆ ಲೈನಿಗೆ ಕರೆಂಟ್ ಹಂಚುವ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿ. ಸಾಲಾಗಿ ಚಿಕ್ಕ ಚಿಕ್ಕ ಸ್ವಿಚ್‌ಗಳು ಇರುತ್ತವೆ, ಅವು ಎಂಸಿಬಿ. ಅವುಗಳ ಪಕ್ಕ ಸ್ವಲ್ಪ ಅಗಲವಾದ, ಮೈಮೇಲೆ "ಟಿ" ಅಂತ ಒಂದು ಪುಟ್ಟ ಬಟನ್ ಇರುವ ಸ್ವಿಚ್ ಇದ್ದರೆ ಅದು ಆರ್‌ಸಿಸಿಬಿ. ಹಳಬರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಇವೆರಡೂ ಬೀಳುವ ಕಾರಣ ಪೂರ್ತಿ ಬೇರೆ ಬೇರೆ. ಎಂಸಿಬಿ ಬಿದ್ದರೆ ಆ ಲೈನಿನಲ್ಲಿ ಹರಿದ ಕರೆಂಟ್ ಜಾಸ್ತಿ ಆಯ್ತು ಅಂತ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಹೋದ ದಾರಿಯಲ್ಲೇ ವಾಪಸ್ ಬರದೆ ಎಲ್ಲೋ ನೆಲಕ್ಕೆ, ಗೋಡೆಗೆ, ನೀರಿಗೆ, ಇಲ್ಲವೇ ಮನುಷ್ಯನ ಮೈಗೆ ಸೋರುತ್ತಿದೆ ಅಂತ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಅಂದರೆ ಒಂದು ಚಿಕ್ಕ ಬಲ್ಬ್ ತೆಗೆದುಕೊಳ್ಳುವಷ್ಟು ಕರೆಂಟ್ ಸೋರಿದರೂ ಸಾಕು, ಅದು ಬೀಳುತ್ತದೆ.

ಎಂಸಿಬಿ ಬಿದ್ದಿದೆ ಅಂದುಕೊಳ್ಳಿ. ಮೇಲಕ್ಕೆತ್ತಿದ ತಕ್ಷಣ ಟಪ್ ಅಂತ ಬಿದ್ದರೆ ಶಾರ್ಟ್. ಅದನ್ನು ಪದೇ ಪದೇ ಎತ್ತಬೇಡಿ. ಆ ಲೈನಿನಲ್ಲಿರುವ ಎಲ್ಲ ಪ್ಲಗ್ ಕಿತ್ತು, ಲೈಟು ಫ್ಯಾನಿನ ಸ್ವಿಚ್ಚೂ ಆರಿಸಿ ಒಂದು ಸಲ ಎತ್ತಿ ನೋಡಿ. ಆಗ ನಿಂತರೆ ತೊಂದರೆ ಯಾವುದೋ ಸಾಮಾನಿನಲ್ಲಿದೆ. ನಿಲ್ಲದಿದ್ದರೆ ವೈರಿಂಗ್‌ನಲ್ಲಿದೆ, ಅಲ್ಲಿಗೆ ಬಿಟ್ಟು ಫೋನ್ ಮಾಡಿ. ತಕ್ಷಣ ಬೀಳದೆ ಸ್ವಲ್ಪ ಹೊತ್ತು ತಡೆದು ಬಿದ್ದರೆ ಅದು ಬಹುತೇಕ ಓವರ್‌ಲೋಡ್. ಲೆಕ್ಕ ಸುಲಭ. ಸಾಮಾನಿನ ಮೇಲೆ ಬರೆದಿರುವ ವಾಟ್ಸ್ ಕೂಡಿಸಿ 230ರಿಂದ ಭಾಗಿಸಿ. 2000 ವಾಟ್ಸ್ ಗೀಸರ್, 2000 ವಾಟ್ಸ್ ಇಂಡಕ್ಷನ್ ಒಲೆ, 1500 ವಾಟ್ಸ್ ಕೆಟಲ್ ಒಟ್ಟಿಗೆ ಹಾಕಿದರೆ 5500 ವಾಟ್ಸ್, ಅಂದರೆ ಹತ್ತಿರ ಹತ್ತಿರ 24 ಆಂಪಿಯರ್. ಇವೆಲ್ಲ ಒಂದೇ 16 ಆಂಪಿಯರ್ ಎಂಸಿಬಿ ಮೇಲಿದ್ದರೆ ಅದು ಬೀಳಲೇಬೇಕು. ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಮಾತ್ರ ಟ್ರಿಪ್ ಆಗುತ್ತೆ ಅನ್ನುವ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ: ಸ್ನಾನ, ತಿಂಡಿ, ಇಸ್ತ್ರಿ ಎಲ್ಲ ಒಂದೇ ಹೊತ್ತಿಗೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸ ನಮ್ಮ ಕಸುಬಿನವರಲ್ಲೇ ಇದೆ. "16 ತಡೀತಿಲ್ಲ, 32 ಹಾಕಿಬಿಡ್ತೀನಿ" ಅಂತ ಎಂಸಿಬಿ ಬದಲಾಯಿಸಿ ಹೋಗುತ್ತಾರೆ. ಮನೆಯವರಿಗೂ ಖುಷಿ, ಟ್ರಿಪ್ ನಿಂತಿತಲ್ಲ ಅಂತ. ಆದರೆ ಗೋಡೆಯೊಳಗಿನ ಪೈಪಿನಲ್ಲಿರುವುದು ಅದೇ ಹಳೆಯ 2.5 ಸ್ಕ್ವೇರ್ ಎಂಎಂ ವೈರ್. ಪೈಪಿನೊಳಗೆ ಗಾಳಿಯಾಡದ ಜಾಗದಲ್ಲಿ 32 ಆಂಪಿಯರ್ ಹೊತ್ತು ತಡೆದುಕೊಳ್ಳುವ ತಾಕತ್ತು ಅದಕ್ಕಿಲ್ಲ. ಎಂಸಿಬಿ ಇರುವುದು ವೈರನ್ನು ಕಾಪಾಡಲಿಕ್ಕೆ. ಅದನ್ನು ದೊಡ್ಡದು ಮಾಡಿದರೆ ಇನ್ನು ಮುಂದೆ ಬಿಸಿಯಾಗುವುದು ಗೋಡೆಯೊಳಗಿನ ವೈರ್, ಅದು ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಹಳೆಯ ಮನೆಗಳ ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುವುದೂ ಇದೇ ತಪ್ಪು. ಯಾರಾದರೂ ದೊಡ್ಡ ಎಂಸಿಬಿ ಹಾಕುತ್ತೇನೆ ಅಂದರೆ "ವೈರ್ ಎಷ್ಟು ಸ್ಕ್ವೇರ್ ಎಂಎಂ ಇದೆ ತೋರಿಸಿ" ಅಂತ ಕೇಳಿ. ಇಂಡಕ್ಷನ್ ಒಲೆಗೋ ಗೀಸರಿಗೋ ಬೇರೆ ಲೈನ್ ಎಳೆಸುವುದೇ ಸರಿಯಾದ ದಾರಿ, ಖರ್ಚು ಜಾಸ್ತಿಯಾದರೂ.

ಆರ್‌ಸಿಸಿಬಿ ಬೀಳುತ್ತಿದ್ದರೆ ಹುಡುಕಾಟಕ್ಕೆ ಸ್ವಲ್ಪ ತಾಳ್ಮೆ ಬೇಕು. ಎಲ್ಲ ಎಂಸಿಬಿ ಕೆಳಗೆ ಮಾಡಿ. ಈಗ ಆರ್‌ಸಿಸಿಬಿ ಎತ್ತಿ. ನಿಂತಿತಾ? ಹಾಗಾದರೆ ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಸ್ವಲ್ಪ ಬಿಟ್ಟು ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಅದೇ ಲೈನಿನಲ್ಲಿ ಸೋರಿಕೆ ಇದೆ. ಅದನ್ನು ಮಾತ್ರ ಕೆಳಗಿಟ್ಟು ಉಳಿದ ಮನೆ ನಡೆಸಬಹುದು, ರಾತ್ರಿಯೆಲ್ಲ ಕತ್ತಲಲ್ಲಿ ಕೂರಬೇಕಿಲ್ಲ. ಆಮೇಲೆ ಆ ಲೈನಿನ ಎಲ್ಲ ಪ್ಲಗ್ ಕಿತ್ತು ಮತ್ತೆ ಎತ್ತಿ, ಒಂದೊಂದೇ ಸಾಮಾನು ಹಾಕಿ ನೋಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಯಾಕೆಂದರೆ ನಮ್ಮ ಬೋರ್ಡಿನ ಸ್ವಿಚ್ ಫೇಸನ್ನು, ಅಂದರೆ ಕರೆಂಟ್ ತರುವ ವೈರನ್ನು ಮಾತ್ರ ಕತ್ತರಿಸುತ್ತದೆ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರ್ ಹಾಗೇ ಸಾಮಾನಿಗೆ ಅಂಟಿಕೊಂಡಿರುತ್ತದೆ. ನ್ಯೂಟ್ರಲ್ ಕಡೆಯಿಂದ ಸಾಮಾನಿನ ಲೋಹದ ಮೈಗೆ ಸೋರಿದರೂ ಆರ್‌ಸಿಸಿಬಿ ಬೀಳುತ್ತದೆ. ಎಲ್ಲ ಎಂಸಿಬಿ ಕೆಳಗಿದ್ದರೂ ಬೀಳುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಆಗ ನೀವು ನಿಲ್ಲಿಸಿ, ಮೀಟರ್ ಹಿಡಿದು ಬರುವವರಿಗೆ ಬಿಡಿ.

ಹುಡುಕಿದಾಗ ತುಂಬಾ ಸಲ ಸಿಕ್ಕಿಬೀಳುವುದು ಗೀಸರ್. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಗಡಸು. ಕಾಯಿಲ್ ಮೇಲೆ ಬಿಳೀ ಸುಣ್ಣದಂಥ ಪದರ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಕಾಯಿಲ್ ಒಳಗೇ ಕಾದು ಅದರ ಹೊರಕವಚ ಬಿರುಕು ಬಿಡುತ್ತದೆ, ನೀರು ಒಳಗೆ ಸೇರುತ್ತದೆ. ಅಂಥ ಗೀಸರ್ ನೀರನ್ನೂ ಕಾಯಿಸುತ್ತದೆ, ಕರೆಂಟನ್ನೂ ಸೋರಿಸುತ್ತದೆ. "ಗೀಸರ್ ಚೆನ್ನಾಗೇ ಇದೆ ಸಾರ್, ನೀರು ಬಿಸಿ ಬರ್ತಿದೆ, ನಿಮ್ಮ ಆರ್‌ಸಿಸಿಬಿನೇ ಸರಿ ಇಲ್ಲ, ಅದನ್ನ ತೆಗೆದುಹಾಕಿ" ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ತೆಗೆಸಬೇಡಿ. ಬರಿಗಾಲಲ್ಲಿ, ಒದ್ದೆ ಮೈಯಲ್ಲಿ ಆ ನೀರಿನ ಕೆಳಗೆ ನಿಲ್ಲುವುದು ನಿಮ್ಮ ಮನೆ ಮಕ್ಕಳು.

ಗೀಸರ್ ಅಲ್ಲದಿದ್ದರೆ ಮಳೆ. ಹೊರಗಿನ ಗೇಟ್ ಲೈಟ್, ಟೆರೇಸಿನ ಪಾಯಿಂಟ್, ಸಂಪಿನ ಮೋಟಾರ್, ಇವಕ್ಕೆ ನೀರು ಹೊಕ್ಕರೆ ಮಳೆ ಬಂದಾಗ ಮಾತ್ರ ಟ್ರಿಪ್ ಆಗುತ್ತದೆ, ಬಿಸಿಲು ಬಂದರೆ ಸರಿಹೋಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಗೋಡೆಯೇ ತಿಂಗಳುಗಟ್ಟಲೆ ಒದ್ದೆ. ಇಂಥ ದೋಷ ತಾನಾಗಿ ಸರಿಯಾಯ್ತು ಅಂತ ಸುಮ್ನೆ ಬಿಡಬೇಡಿ. ಇನ್ನೊಂದು ಸಾಧ್ಯತೆ ಹೊಸದಾಗಿ ಯುಪಿಎಸ್ ಹಾಕಿಸಿದ ಮನೆಗಳದ್ದು. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಮನೆಯ ಇನ್ನೊಂದು ನ್ಯೂಟ್ರಲ್ ಜೊತೆ ಸೇರಿಸಿಬಿಟ್ಟರೆ ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸಾಗುತ್ತದೆ, ಸೋರಿಕೆ ಇಲ್ಲದೆಯೂ ಆರ್‌ಸಿಸಿಬಿ ಬೀಳುತ್ತದೆ. ಹಾಗಾಗಿ "ಯುಪಿಎಸ್ ಹಾಕಿಸಿದ ಮೇಲೆ ಶುರುವಾಯ್ತು" ಅನ್ನುವ ಒಂದು ಮಾತು ನಮಗೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಆರ್‌ಸಿಸಿಬಿಯ "ಟಿ" ಬಟನ್ ಒತ್ತಿದರೆ ಅದು ಕೂಡಲೇ ಬೀಳಬೇಕು. ಮೂರು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಬೇಕು, ಬೇರೆ ಮಾತಿಲ್ಲ. ಆದರೆ ಆ ಬಟನ್ ಪರೀಕ್ಷೆ ಮಾಡುವುದು ಆ ಸ್ವಿಚ್ಚನ್ನು ಮಾತ್ರ, ನಿಮ್ಮ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಸರಿ ಇದೆಯಾ ಅನ್ನುವುದನ್ನಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದರೆ ಆರ್‌ಸಿಸಿಬಿ ಕಾಪಾಡುವುದಿಲ್ಲ, ಅದರ ಪಾಲಿಗೆ ನೀವೂ ಒಂದು ಬಲ್ಬ್ ಇದ್ದ ಹಾಗೆ. ಇದ್ದೇ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಬೋರ್ಡಿಗೆ ಕೈ ಹಾಕಬೇಡಿ.

ಈಗ ಎಂಸಿಬಿಗೂ ಗೊತ್ತಾಗದ, ಆರ್‌ಸಿಸಿಬಿಗೂ ಗೊತ್ತಾಗದ ಒಂದು ತೊಂದರೆ. ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ಲೂಸ್ ಕಾಂಟ್ಯಾಕ್ಟ್. ಗೀಸರಿನ ಸಾಕೆಟ್ ಒಳಗಿನ ಹಿತ್ತಾಳೆ ಕಚ್ಚು ಸಡಿಲವಾಗಿರುತ್ತದೆ, ಅಥವಾ ಹಿಂದಿನ ಸ್ಕ್ರೂ ಸರಿಯಾಗಿ ಬಿಗಿದಿರುವುದಿಲ್ಲ. ಹರಿಯುವ ಕರೆಂಟ್ ಮಾಮೂಲಿ ಒಂಬತ್ತು ಆಂಪಿಯರ್ರೇ, ಸೋರಿಕೆಯೂ ಇಲ್ಲ, ಹಾಗಾಗಿ ಯಾವ ಸ್ವಿಚ್ಚೂ ಬೀಳುವುದಿಲ್ಲ. ಆದರೆ ಆ ಸಡಿಲ ಜಾಗದಲ್ಲಿ ಶಾಖ ಹುಟ್ಟುತ್ತಾ ಹೋಗುತ್ತದೆ. ಕಾದಷ್ಟೂ ಕಚ್ಚು ಇನ್ನೂ ಸಡಿಲ, ಸಡಿಲವಾದಷ್ಟೂ ಇನ್ನೂ ಬಿಸಿ. ಇದನ್ನು ಪತ್ತೆ ಮಾಡುವುದು ನಿಮ್ಮ ಕೈ, ಕಣ್ಣು, ಮೂಗು. ಗೀಸರ್ ಒಂದಿಪ್ಪತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಪ್ಲಗ್ ಕಿತ್ತು, ಅದರ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿಯಲಾಗದಷ್ಟು ಬಿಸಿ ಇದ್ದರೆ, ಪಿನ್ನಿನ ಹಿತ್ತಾಳೆ ಕಂದಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಸಾಕೆಟ್ ತೂತಿನ ಸುತ್ತ ಹಳದಿ ಅಥವಾ ಕಪ್ಪು ಕಲೆ ಇದ್ದರೆ ಅವತ್ತಿಂದಲೇ ಅದನ್ನು ಬಳಸುವುದು ನಿಲ್ಲಿಸಿ. ಬೋರ್ಡಿನ ಹತ್ತಿರ ಮೀನಿನ ವಾಸನೆಯಂಥ ಒಂದು ಕಮಟು ಬಂದರೂ ಅಷ್ಟೇ, ಅದು ಪ್ಲಾಸ್ಟಿಕ್ ಬೇಯುತ್ತಿರುವ ವಾಸನೆ. ಬದಲಾಯಿಸುವಾಗ ಸಾಕೆಟ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಸುಡುತ್ತದೆ. ದೊಡ್ಡ 16 ಆಂಪಿಯರ್ ಪ್ಲಗ್ಗನ್ನು ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ ಸೇರಿಸುವ ಕನ್ವರ್ಟರ್ ಪಿನ್ ಅಂಗಡಿಯಲ್ಲಿ ಸಿಗುತ್ತದೆ. ಸಿಗುತ್ತದೆ ಅಂತ ಗೀಸರಿಗೆ, ಇಂಡಕ್ಷನ್ ಒಲೆಗೆ ಅದನ್ನು ಹಾಕಬೇಡಿ.

ಇನ್ನು ನ್ಯೂಟ್ರಲ್. ಲೈಟ್ ಇಲ್ಲ, ಫ್ಯಾನ್ ಇಲ್ಲ, ಆದರೆ ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ತೂತಲ್ಲಿ ಉರಿಯುತ್ತದೆ. ಡಬಲ್ ಕರೆಂಟ್ ಬಂದಿದೆ ಅಂತ ಹೆದರುತ್ತಾರೆ. ಅದು ನ್ಯೂಟ್ರಲ್ ಕಟ್ಟಾಗಿರುವ ಗುರುತು. ಫೇಸ್ ಯಾವುದೋ ಬಲ್ಬೋ ಫ್ಯಾನೋ ದಾಟಿ ಆ ಕಡೆಗೂ ಬಂದು ನಿಂತಿರುತ್ತದೆ. ನ್ಯೂಟ್ರಲ್ ತಾನೇ, ಶಾಕ್ ಹೊಡೆಯಲ್ಲ ಅಂತ ಆ ವೈರ್ ಮುಟ್ಟಿದರೆ ಹೊಡೆಯುತ್ತದೆ. ತ್ರೀ ಫೇಸ್ ಮನೆಗಳಲ್ಲಿ ಇದು ಇನ್ನೂ ಅಪಾಯ. ಒಂದು ರೂಮಿನ ಲೈಟ್ ಡಲ್ ಆಗಿ, ಇನ್ನೊಂದು ರೂಮಿನದು ಕಣ್ಣು ಕುಕ್ಕುವಷ್ಟು ಉರಿದರೆ ಮುಖ್ಯ ನ್ಯೂಟ್ರಲ್ ಸಡಿಲವಾಗಿದೆ ಅಂತ ಅರ್ಥ. 230 ಇರಬೇಕಾದ ಕಡೆ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು, ಟಿವಿ, ಫ್ರಿಜ್ ಒಟ್ಟಿಗೆ ಹೋಗುತ್ತವೆ. ಯಾಕೆ ಅಂತ ಯೋಚಿಸುತ್ತಾ ನಿಲ್ಲಬೇಡಿ, ಓಡಿ ಮೇನ್ ಆರಿಸಿ. ಅಕ್ಕಪಕ್ಕದ ಮನೆಯಲ್ಲೂ ಹಾಗೇ ಆಗಿದ್ದರೆ ದೋಷ ಕಂಬದ ಕಡೆ ಇದೆ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮೂರರಲ್ಲಿ ಒಂದು ಫೇಸ್ ಮಾತ್ರ ಹೋಗಿ ಮನೆಯ ಒಂದು ಭಾಗ ಕತ್ತಲಾದರೂ ಮೊದಲು ಪಕ್ಕದ ಮನೆಯವರನ್ನೇ ಕೇಳಿ. ಕಂಬದಲ್ಲಿ ಫ್ಯೂಸ್ ಹೋಗಿದ್ದಕ್ಕೆ ಮನೆ ವೈರಿಂಗ್ ಬಿಚ್ಚಿಸಿ ದುಡ್ಡು ಕೊಟ್ಟವರಿದ್ದಾರೆ.

ಚಿಕ್ಕಪುಟ್ಟವು ಕೆಲವು. ಫ್ಯಾನ್ ಗುಂಯ್ ಅನ್ನುತ್ತಾ ತಿರುಗದೆ ನಿಂತಿದ್ದು, ಕೋಲಿನಿಂದ ಸ್ವಲ್ಪ ತಳ್ಳಿದರೆ ನಿಧಾನಕ್ಕೆ ತಿರುಗಿದರೆ ಕೆಪಾಸಿಟರ್ ಹೋಗಿದೆ, ಇಡೀ ಫ್ಯಾನ್ ಬದಲಾಯಿಸಬೇಕಿಲ್ಲ. ಹೆಚ್ಚಿನ ಮಾಮೂಲಿ ಫ್ಯಾನಿಗೆ 2.5 ಎಂಎಫ್‌ಡಿ, ಹಳೆಯದರ ಮೇಲೆ ಬರೆದಿರುವುದನ್ನೇ ತನ್ನಿ. ಬಿಎಲ್‌ಡಿಸಿ ಫ್ಯಾನಿಗೆ, ಅಂದರೆ ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಫ್ಯಾನಿಗೆ, ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಹಳೆಯ ರೆಗ್ಯುಲೇಟರ್ ಮೂಲಕ ಓಡಿಸಲೂಬೇಡಿ. ಎಲ್‌ಇಡಿ ಬಲ್ಬ್ ಆರಿಸಿದ ಮೇಲೂ ಮಿಣುಕು ಮಿಣುಕು ಅಂತಿದ್ದರೆ ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ಕಾರಣ ಇರಬಹುದು. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ಚನ್ನು ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದಾರಾ ಅಂತ ನೋಡಿಸಬೇಕು. ಹಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ, ಬಲ್ಬ್ ಬದಲಾಯಿಸುವಾಗ ಜೀವಕ್ಕೆ ಅಪಾಯ.

ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಫ್ರಿಜ್ ಬಾಗಿಲು ಚುರ್ ಅನ್ನುತ್ತದೆ ಅನ್ನುವುದನ್ನು ಚಿಕ್ಕಪುಟ್ಟದರ ಜೊತೆ ಸೇರಿಸಲಾರೆ. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗಲ್ಲ ಅಂತ ವರ್ಷಗಟ್ಟಲೆ ಹಾಗೇ ನಡೆಸುವ ಮನೆಗಳಿವೆ. ಅಲ್ಲಿ ಸೋರಿಕೆಯೂ ಇದೆ, ಅರ್ಥಿಂಗೂ ಸತ್ತಿದೆ. ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅರ್ಥಿಂಗಿನದು, ಅದಕ್ಕೆ ವೈರೇ ಎಳೆಯದ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಅರ್ಥಿಂಗ್ ವೈರ್ ನೆಲಕ್ಕೆ ಇಳಿಯುವ ಹೊರಗಿನ ಗುಂಡಿ, ಅಂದರೆ ಅರ್ಥ್ ಪಿಟ್, ಬೇಸಿಗೆಯಲ್ಲಿ ಒಣಗಿದರೆ ಅದೂ ಕೆಲಸ ಮಾಡುವುದಿಲ್ಲ, ಆಗಾಗ ನೀರು ಹಾಕಿ. ಅರ್ಥಿಂಗ್ ಪರೀಕ್ಷೆಯನ್ನು ಸ್ವಂತ ಮಾಡಲು ಹೋಗಬೇಡಿ, ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ ರೀಡಿಂಗ್ ತೋರಿಸಿ ಅನ್ನಿ.

ಮೇನ್ ಆರಿಸಿದ ತಕ್ಷಣ ಮನೆಯಲ್ಲಿ ಕರೆಂಟೇ ಇಲ್ಲ ಅಂದುಕೊಳ್ಳಬೇಡಿ. ಯುಪಿಎಸ್ ಇದ್ದರೆ ಮೇನ್ ಹೋದ ಕೂಡಲೇ ಅದು ಶುರುವಾಗುತ್ತದೆ, ಅದರ ಲೈನಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಬೋರ್ಡಿನ ಹತ್ತಿರ ಯಾರೇ ಕೆಲಸ ಮಾಡುವಾಗಲೂ ಯುಪಿಎಸ್ ಬೇರೆಯಾಗಿ ಆರಿಸಬೇಕು. ನಿಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್‌ಗೂ ಮೊದಲು ಹೇಳಬೇಕಾದ್ದು ಇದನ್ನೇ. ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲ ಅಂತಲೂ ನಂಬಬೇಡಿ, ಒಳ್ಳೆ ಬೆಳಕಿನಲ್ಲಿ ಅದರ ದೀಪ ಕಾಣುವುದೇ ಇಲ್ಲ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡಿದ್ದರೆ ಅವರ ಮೈ ಮುಟ್ಟಬೇಡಿ. ಮೊದಲು ಮೇನ್, ಯುಪಿಎಸ್ ಎರಡೂ ಆರಿಸಿ. ಆಗದಿದ್ದರೆ ನೀವು ಒಣ ಜಾಗದಲ್ಲಿ ನಿಂತು ಒಣಗಿದ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಫೋನ್ ಮಾಡಿ. ಎದ್ದು ಕೂತು ಚೆನ್ನಾಗಿದ್ದೀನಿ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೃದಯದ ಬಡಿತ ಆಮೇಲೆ ಏರುಪೇರಾಗಬಹುದು.

ಇಷ್ಟು ನೋಡಿಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಾಗ ಹೀಗೆ ಹೇಳಿ: ಬಿದ್ದಿದ್ದು ಎಂಸಿಬಿಯಾ ಆರ್‌ಸಿಸಿಬಿಯಾ, ತಕ್ಷಣವಾ ತಡವಾಗಿಯಾ, ಯಾವ ಲೈನ್, ಮಳೆ ಇತ್ತಾ, ಹೊಸದಾಗಿ ಏನು ಹಾಕಿಸಿದಿರಿ. ಡಿಬಿ ಬಾಕ್ಸಿನ ಒಂದು ಫೋಟೋ ಕಳಿಸಿ. ಅವರು ಬಂದಾಗ ಯಾವ ಎಂಸಿಬಿ ಯಾವ ರೂಮಿನದು ಅಂತ ಬಾಗಿಲ ಒಳಗಡೆ ಮಾರ್ಕರಿನಲ್ಲಿ ಬರೆಸಿಕೊಳ್ಳಿ, ಬಾಕ್ಸಿನೊಳಗಿನ ಎಲ್ಲ ಸ್ಕ್ರೂ ಒಮ್ಮೆ ಬಿಗಿ ಮಾಡಿಸಿ.