ದಾಕ್ಷಿಣ್ಯಕ್ಕೆ ಬಗ್ಗದ ಬಾಟಲಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಆಗ್ನೇಯ ಭಾಗದಲ್ಲಿ ಗೇಜ್ ಎಂಬ ಕೌಂಟಿ ಇದೆ. ಉಳುವವನಿಗೆ 160 ಎಕರೆ ಕೊಡುವ ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಡೇನಿಯಲ್ ಫ್ರೀಮನ್ ಎಂಬಾತ ಅರ್ಜಿ ಹಾಕಿ ಹಿಡಿದ ಜಮೀನು ಈ ಕೌಂಟಿಯಲ್ಲೇ, ಬಿಯಾಟ್ರಿಸ್ ಪಟ್ಟಣದ ಹತ್ತಿರ. ಹೀಗೆ ಭೂಮಿಯೇನೋ ಸಿಕ್ಕಿತು, ಕೈಯಲ್ಲಿ ಕಾಸು ಓಡಾಡಲಿಲ್ಲ. ಗೋಧಿ, ಮೆಕ್ಕೆಜೋಳ, ಹಂದಿಗಳ ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು, ಬಂದಷ್ಟೇ ಬೇಗ ಸಾಲಕ್ಕೂ ತೆರಿಗೆಗೂ ಹೋಗುತ್ತಿತ್ತು. ವಾರವಾರದ ಸಕ್ಕರೆ, ಕಾಫಿ, ಸೀಮೆಎಣ್ಣೆ, ಮಕ್ಕಳ ಬಟ್ಟೆ, ಬೂಟು ಇವಕ್ಕೆಲ್ಲ ದಾರಿ ಎರಡೇ: ಹೈನು ಮತ್ತು ಮೊಟ್ಟೆ. ಈ ಎರಡೂ ಹೆಚ್ಚಾಗಿ ಮನೆಯ ಹೆಂಗಸರ ಕೈಕೆಲಸ. ಇದರಲ್ಲಿ ಹೈನಿನ ವ್ಯಾಪಾರವನ್ನು ಬದಲಿಸಿದ್ದು ಹಾಲಿನ ಕೊಬ್ಬು ಅಳೆಯುವ ಒಂದು ಗಾಜಿನ ಬಾಟಲಿ.

ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಹೈನೆಂದರೆ ಮನೆಯಲ್ಲೇ ಕಡೆದ ಬೆಣ್ಣೆ. ಅದನ್ನು ಪಟ್ಟಣದ ದಿನಸಿ ಅಂಗಡಿಗೆ ಕೊಟ್ಟು ಬದಲಿಗೆ ಸಾಮಾನು ತರುತ್ತಿದ್ದರು. ಇಲ್ಲಿ ಅಂಗಡಿಯವನಿಗೆ ಒಂದು ಇಕ್ಕಟ್ಟು. ಒಬ್ಬಾಕೆಯ ಬೆಣ್ಣೆ ಅಚ್ಚುಕಟ್ಟು, ಇನ್ನೊಬ್ಬಾಕೆಯದರಲ್ಲಿ ಮಜ್ಜಿಗೆ ಉಳಿದು ಹುಳಿ, ಮತ್ತೊಬ್ಬಾಕೆಯದು ಕಮಟು. "ನಿಮ್ಮ ಬೆಣ್ಣೆ ಚೆನ್ನಾಗಿಲ್ಲ" ಎಂದು ಮುಖ ಮುರಿದಂತೆ ಹೇಳಿದರೆ ಆ ಮನೆಯ ವ್ಯಾಪಾರವಿಡೀ ಎದುರಿನ ಅಂಗಡಿಗೆ ಹೋಗುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ದರ. ಕೊಂಡ ಬೆಣ್ಣೆಯನ್ನೆಲ್ಲ ಒಂದೇ ಪೀಪಾಯಿಗೆ ತುಂಬಿ ನಗರಕ್ಕೆ ಕಳಿಸುವುದು, ಆಗುವ ನಷ್ಟವನ್ನು ಸಕ್ಕರೆ, ಬಟ್ಟೆಯ ಬೆಲೆಯಲ್ಲಿ ತುಂಬಿಕೊಳ್ಳುವುದು. ಒಳ್ಳೆಯ ಬೆಣ್ಣೆ ಮಾಡಿದಾಕೆಗೆ ಸಿಗುತ್ತಿದ್ದದ್ದು ಹೊಗಳಿಕೆ ಮಾತ್ರ. ಊರಿನ ವ್ಯಾಪಾರದಲ್ಲಿ ದಾಕ್ಷಿಣ್ಯವೂ ಒಂದು ಖರ್ಚು, ಅದನ್ನು ತೆರುವವರು ಒಳ್ಳೆಯ ಮಾಲು ತಂದವರು.

ಹಾಲನ್ನು ಹಾಗೇ ಕೊಳ್ಳುತ್ತಿದ್ದ ಕಾರ್ಖಾನೆಗಳ ಪಾಡೂ ಇಷ್ಟೇ. ಅಲ್ಲಿ ತೂಕಕ್ಕೆ ಬೆಲೆ. ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹಿಡಿಯುತ್ತದೆ ಎಂಬ ನಂಬಿಕೆಯಿತ್ತು. ನಮ್ಮ ಹಳ್ಳಿಯ ಡೇರಿಗಳಲ್ಲಿ ‘ಡಿಗ್ರಿ ನೋಡುವುದು’ ಎನ್ನುವುದು ಇದನ್ನೇ. ಆದರೆ ಆ ಉಪಕರಣ ಅಳೆಯುವುದು ಸಾಂದ್ರತೆಯನ್ನು. ಹಾಲಿನ ಸಾಂದ್ರತೆ 1.03ರ ಆಸುಪಾಸು, ಕೊಬ್ಬಿನದು ಸುಮಾರು 0.9. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಸುರಿದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದವನ ಹಾಲಿಗೆ ಡಿಗ್ರಿ ಸರಿಯಾಗಿಯೇ ಬರುತ್ತದೆ.

ಈ ತೊಡಕನ್ನು ಬಿಡಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ರಸಾಯನಶಾಸ್ತ್ರಜ್ಞ ಸ್ಟೀಫನ್ ಮೌಲ್ಟನ್ ಬ್ಯಾಬ್‌ಕಾಕ್. 1890ರಲ್ಲಿ ಅವರು ಪ್ರಕಟಿಸಿದ ಕೊಬ್ಬಿನ ಪರೀಕ್ಷೆಗೆ ಪೇಟೆಂಟ್ ಪಡೆಯಲಿಲ್ಲ. ಶಾಲೆ ಮುಗಿಸಿದ ಹಳ್ಳಿಯ ಹುಡುಗನೂ ಮಾಡಬಹುದಾದಷ್ಟು ಸರಳವಾಗಿದ್ದದ್ದೂ, ಯಾರಪ್ಪಣೆಯೂ ಬೇಡವಾಗಿದ್ದದ್ದೂ ಸೇರಿ ಅದು ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು.

ಪರೀಕ್ಷೆ ನಡೆಯುವುದು ಹೀಗೆ. ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಹುಯ್ದು ಬೆರೆಸಿ, 17.6 ಮಿಲಿಲೀಟರ್ ಪಿಪೆಟ್ಟಿನಲ್ಲಿ (ಅಳತೆಯ ಗಾಜಿನ ಕೊಳವೆ) ಎತ್ತಿ, ಉದ್ದ ಕತ್ತಿನ ಗಾಜಿನ ಬಾಟಲಿಗೆ ಬಿಡಬೇಕು. ಪಿಪೆಟ್ಟಿನ ಒಳಮೈಗೆ ಅಂಟಿ ಉಳಿಯುವ ಹನಿಯನ್ನು ಕಳೆದರೆ ಬಾಟಲಿಗೆ ಬೀಳುವ ಹಾಲಿನ ತೂಕ 18 ಗ್ರಾಂ. ಅದಕ್ಕೆ ಸುಮಾರು 17.5 ಮಿಲಿಲೀಟರ್ ಗಂಧಕಾಮ್ಲ. ಆಮ್ಲದ ಸಾಪೇಕ್ಷ ಸಾಂದ್ರತೆ 1.82ರಿಂದ 1.83ರೊಳಗಿರಬೇಕು. ಬಾಟಲಿಯನ್ನು ಓರೆ ಹಿಡಿದು, ಆಮ್ಲ ಗಾಜಿನ ಗೋಡೆಗುಂಟ ಇಳಿದು ಹಾಲಿನ ಅಡಿ ಸೇರುವಂತೆ ಬಿಟ್ಟು, ಆಮೇಲೆ ತಿರುಗಿಸುತ್ತ ಬೆರೆಸುವುದು. ಮಿಶ್ರಣ ಕೈಸುಡುವಷ್ಟು ಕಾಯುತ್ತದೆ, ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಾಲಿನ ಪ್ರೋಟೀನುಗಳನ್ನೂ ಕೊಬ್ಬಿನ ಕಣಗಳನ್ನು ಸುತ್ತಿದ ತೆಳುಪೊರೆಯನ್ನೂ ಆಮ್ಲ ಕರಗಿಸಿ ಹಾಕುತ್ತದೆ. ಕೊಬ್ಬನ್ನು ಮಾತ್ರ ಅದು ಮುಟ್ಟದು. ಜೊತೆಗೆ ಸುತ್ತಲಿನ ದ್ರವದ ಸಾಂದ್ರತೆಯನ್ನು ಏರಿಸಿ, ಹಗುರಾದ ಕೊಬ್ಬು ಬೇಗ ಮೇಲೇಳುವಂತೆ ಮಾಡುತ್ತದೆ.

ಇನ್ನು ಕೈಯಿಂದ ತಿರುಗಿಸುವ ಯಂತ್ರದಲ್ಲಿ ಬಾಟಲಿಗಳನ್ನಿಟ್ಟು 5 ನಿಮಿಷ ಗಿರಗಿರ ಸುತ್ತಿಸಬೇಕು. ಚಕ್ರದ ಅಗಲ ನೋಡಿಕೊಂಡು ನಿಮಿಷಕ್ಕೆ 700ರಿಂದ 1,000 ಸುತ್ತು. ಕತ್ತಿನ ಬುಡದವರೆಗೆ ಬಿಸಿನೀರು ಹಾಕಿ 2 ನಿಮಿಷ, ಮತ್ತೆ ಕತ್ತಿನೊಳಕ್ಕೆ ನೀರು ಏರಿಸಿ 1 ನಿಮಿಷ. ಈಗ ಕತ್ತಿನಲ್ಲಿ ಹಳದಿ ಕೊಬ್ಬು ಕಂಬದಂತೆ ನಿಲ್ಲುತ್ತದೆ. ಬಾಟಲಿಗಳನ್ನು 57–60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಕಂಬದ ಉದ್ದ ಓದಿದರೆ ಅದೇ ಶೇಕಡಾವಾರು ಕೊಬ್ಬು. ಲೆಕ್ಕ ಬೇಡ. ಕತ್ತಿನ ಒಂದು ಅಂಕದ ಗಾತ್ರ 0.2 ಮಿಲಿಲೀಟರ್, ಆ ಬಿಸಿಯಲ್ಲಿ ಅಷ್ಟು ಕೊಬ್ಬಿನ ತೂಕ 0.18 ಗ್ರಾಂ, ಅಂದರೆ 18 ಗ್ರಾಮಿನ ನೂರರಲ್ಲಿ ಒಂದು ಪಾಲು. ಗುಣಾಕಾರ, ಭಾಗಾಕಾರಗಳನ್ನೆಲ್ಲ ಬ್ಯಾಬ್‌ಕಾಕ್ ಗಾಜಿನ ಅಳತೆಯೊಳಗೇ ಮುಗಿಸಿಟ್ಟಿದ್ದರು. ಈ ಪರೀಕ್ಷೆಯ ಜಾಣತನ ನನ್ನ ಮಟ್ಟಿಗೆ ಆಮ್ಲದಲ್ಲಿರುವುದಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಎಡವುವುದಕ್ಕೂ ಜಾಗಗಳಿದ್ದವು. ಕೊಬ್ಬಿನ ಕೆಳಗೆ ಕರಿಯ ಕಣಗಳು ಕಂಡರೆ ಆಮ್ಲ ತೀಕ್ಷ್ಣವಾಯಿತು, ಹೆಚ್ಚಾಯಿತು ಅಥವಾ ಹಾಲು ಬೆಚ್ಚಗಿತ್ತು. ಕೊಬ್ಬೂ ಸುಡಲು ಶುರುವಾಗಿದೆ ಎಂದರ್ಥ. ಬಿಳಿಯ ಗಸಿ ಕಂಡರೆ ಆಮ್ಲ ಸಪ್ಪೆ ಅಥವಾ ಹಾಲು ತೀರಾ ತಣ್ಣಗಿತ್ತು, ಪ್ರೋಟೀನು ಪೂರ್ತಿ ಕರಗಿಲ್ಲ. ಮುಚ್ಚಳ ತೆರೆದಿಟ್ಟ ಆಮ್ಲ ಗಾಳಿಯ ತೇವ ಹೀರಿಕೊಂಡು ತಾನೇ ಸಪ್ಪೆಯಾಗುತ್ತದೆ. ಕಂಬದ ತಲೆಯಲ್ಲಿ ಗುಳ್ಳೆಗಳೆದ್ದರೆ ದೋಷ ಬಾವಿ ನೀರಿನದು: ಗಡಸು ನೀರಿನ ಕಾರ್ಬೊನೇಟು ಆಮ್ಲದೊಡನೆ ಸೇರಿ ಅನಿಲ ಬಿಡುತ್ತದೆ. ಮಳೆನೀರು ಬಳಸಿದರೆ ಆ ತಾಪತ್ರಯವಿಲ್ಲ.

ಕರ್ನಾಟಕದ ಹಾಲು ಉತ್ಪಾದಕರ ಸಂಘಗಳಲ್ಲಿ ‘ಫ್ಯಾಟ್ ಎಷ್ಟು ಬಂತು’ ಎಂದು ಕೇಳುವವರಿಗೆ ಇದು ಅಪರಿಚಿತವಲ್ಲ. ನಮ್ಮಲ್ಲಿ ನೆಲೆಯೂರಿದ್ದು ಇದರ ಸ್ವಿಸ್ ದಾಯಾದಿ, 1890ರ ದಶಕದ ಆರಂಭದಲ್ಲಿ ನಿಕ್ಲಾಸ್ ಗರ್ಬರ್ ರೂಪಿಸಿದ ಪರೀಕ್ಷೆ: 10 ಮಿಲಿಲೀಟರ್ ಆಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಆಲ್ಕೊಹಾಲಿನಿಂದ ಕೊಬ್ಬು ಸುಡದೆ ಸಲೀಸಾಗಿ ಬೇರ್ಪಡುತ್ತದೆ, ನಡುವೆ ಎರಡೆರಡು ಸಲ ನೀರು ಹಾಕುವ ಕೆಲಸ ತಪ್ಪುತ್ತದೆ.

ನೆಬ್ರಾಸ್ಕಾದಲ್ಲಿ ಹೊಲಮನೆಗಳು ದೂರದೂರ. ದಿನವೂ ಹಾಲು ಸಾಗಿಸುವುದು ಗಿಟ್ಟುತ್ತಿರಲಿಲ್ಲ, ಕೆನೆಯನ್ನಷ್ಟೇ ಸಾಗಿಸಬಹುದಿತ್ತು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1878ರಲ್ಲಿ ರೂಪಿಸಿದ ಕೆನೆ ಬೇರ್ಪಡಿಸುವ ಯಂತ್ರ ಕೈಹಿಡಿಕೆಯ ಅವತಾರದಲ್ಲಿ ಹೊಲಮನೆ ಹೊಕ್ಕಿತು. 1894ರಲ್ಲಿ ಜಾರ್ಜ್ ಹ್ಯಾಸ್ಕೆಲ್ ಮತ್ತು ವಿಲಿಯಂ ಬಾಸ್ವರ್ತ್ ಬಿಯಾಟ್ರಿಸ್‌ನಲ್ಲಿ ಆರಂಭಿಸಿದ ವ್ಯಾಪಾರವೇ ಮುಂದೆ ಬಿಯಾಟ್ರಿಸ್ ಕ್ರೀಮರಿ (ಬೆಣ್ಣೆ ಕಾರ್ಖಾನೆ) ಕಂಪನಿಯಾಯಿತು. ಅವರು ಯಂತ್ರವನ್ನು ಸಾಲದ ಮೇಲೆ ಕೊಟ್ಟು, ಕೆನೆಯ ದುಡ್ಡಿನಲ್ಲಿ ಮುರಿದುಕೊಂಡರು. ಹೀಗೆ ಹತ್ತು ವರ್ಷದಲ್ಲಿ ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಯಂತ್ರಗಳು ಹೋದವು.

ಶೇಕಡಾ 4 ಕೊಬ್ಬಿನ 100 ಪೌಂಡ್ ಹಾಲಿನಿಂದ ಶೇಕಡಾ 30ರ ಕೆನೆ 13 ಪೌಂಡಿನಷ್ಟು ಬರುತ್ತದೆ. ಮಿಕ್ಕ 87 ಪೌಂಡ್ ಕೆನೆ ತೆಗೆದ ಹಾಲು ಮನೆಯಲ್ಲೇ ಉಳಿದು, ಆಗತಾನೇ ಕರೆದ ಬಿಸಿಯಲ್ಲೇ ಕರುಗಳಿಗೂ ಹಂದಿಗಳಿಗೂ ಹೋಗುತ್ತದೆ. ಅಗಲ ತಟ್ಟೆಯಲ್ಲಿಟ್ಟು ಕೆನೆ ಕಟ್ಟಿಸಿದರೆ ದಿನವಿಡೀ ಕಾಯಬೇಕು, ಆಗಲೂ ಅರ್ಧ ಶೇಕಡಾದಷ್ಟು ಕೊಬ್ಬು ಅಡಿಯ ಹಾಲಿನಲ್ಲೇ ಉಳಿಯುತ್ತಿತ್ತು. ಯಂತ್ರದ ಬಟ್ಟಲು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗಿ ಅದನ್ನು ಶೇಕಡಾ 0.1ಕ್ಕಿಂತ ಕೆಳಗಿಳಿಸುತ್ತಿತ್ತು. ಕೆಲವು ಮಾದರಿಗಳ ಹಿಡಿಕೆಯಲ್ಲೇ ಗಂಟೆಯಿತ್ತು. ವೇಗ ಸಾಲದಿದ್ದರೆ ಟಣಟಣ ಸದ್ದು, ವೇಗ ಹಿಡಿದ ಮೇಲೆ ಮೌನ. ಹಾಲು ತಣ್ಣಗಾದರೆ ಮಂದವಾಗುತ್ತದೆ, ಕೊಬ್ಬಿನ ಕಣ ಅದರೊಳಗೆ ಸರಿಯಲು ತಿಣುಕುತ್ತದೆ, ಕಾಸು ಹಂದಿಯ ಬಾನಿಗೆ ಹೋಗುತ್ತದೆ. ಬಟ್ಟಲಿನ ಒಳಗಿನ ತಗಡಿನ ಬಿಲ್ಲೆಗಳನ್ನು ಪ್ರತಿ ಸಲ ಬಿಚ್ಚಿ ತೊಳೆದು, ಅದೇ ಕ್ರಮದಲ್ಲಿ ಜೋಡಿಸಬೇಕು. ಮನೆಯ ಹೆಂಗಸರು ಈ ಯಂತ್ರದ ಬಗ್ಗೆ ಗೊಣಗುತ್ತಿದ್ದದ್ದೇನಾದರೂ ಇದ್ದರೆ ಈ ತೊಳೆಯುವ ಕೆಲಸದ ಬಗ್ಗೆಯೇ ಇರಬೇಕು.

ಶನಿವಾರ ಕ್ಯಾನನ್ನು ಗಾಡಿಗೇರಿಸಿ ಪಟ್ಟಣದ ಕೆನೆ ಕೇಂದ್ರಕ್ಕೆ. ಹಲವು ಕಡೆ ಇದು ದಿನಸಿ ಅಂಗಡಿಯದೇ ಹಿಂಬದಿಯ ಕೋಣೆ. ಕ್ರೀಮರಿಯ ಏಜೆಂಟ್ ಕೆನೆ ತೂಗಿ, ಕಲಕಿ, ಮಾದರಿ ತೆಗೆದು ಪರೀಕ್ಷೆ ಮಾಡುವಷ್ಟರಲ್ಲಿ ಮನೆಯವರು ಸಂತೆ ಮುಗಿಸಿ ಬರುತ್ತಾರೆ, ಕೊಬ್ಬಿನ ಲೆಕ್ಕದಲ್ಲಿ ಚೆಕ್ ಪಡೆಯುತ್ತಾರೆ. ಕೆನೆಗೆ ಒಂದು ವಿಶೇಷ ನಿಯಮ: ಪಿಪೆಟ್ಟಿನಿಂದ ಅಳೆಯಕೂಡದು, ತಕ್ಕಡಿಯಲ್ಲಿ 9 ಅಥವಾ 18 ಗ್ರಾಂ ತೂಗಲೇಬೇಕು. ಕೆನೆ ಹಾಲಿಗಿಂತ ಹಗುರ, ಗಾಜಿಗೆ ಅಂಟುತ್ತದೆ, ಹುಳಿಯಾದದ್ದರಲ್ಲಿ ಗಾಳಿಗುಳ್ಳೆಯೂ ಇರುತ್ತದೆ. ಪಿಪೆಟ್ಟಿನಲ್ಲಿ ಎತ್ತಿದರೆ 18 ಗ್ರಾಂ ಬರುವುದೇ ಇಲ್ಲ. ಫಲಿತಾಂಶ ಯಾವಾಗಲೂ ಕಡಿಮೆ, ಅಂದರೆ ನಷ್ಟ ಯಾವಾಗಲೂ ರೈತನಿಗೆ.

ಹಾಗಿದ್ದೂ ಜಗಳಗಳು ನಿಲ್ಲಲಿಲ್ಲ. "ಹೋದ ವಾರ 34 ಬಂದಿತ್ತು, ಈ ವಾರ 30 ಹೇಗಾಯಿತು? ಹಸು ಅದೇ, ಮೇವು ಅದೇ" ಎಂಬುದು ಎಲ್ಲ ಕಡೆಯ ದೂರು. ಕಾರಣ ಬಹುತೇಕ ಮನೆಯಲ್ಲೇ ಇರುತ್ತಿತ್ತು. ಹಿಡಿಕೆ ನಿಧಾನವಾಗಿ ತಿರುಗಿಸಿದರೆ, ಕೊನೆಗೆ ಬಟ್ಟಲು ತೊಳೆದ ನೀರನ್ನು ಹೆಚ್ಚು ಬಿಟ್ಟರೆ ಕೆನೆ ತೆಳುವಾಗುತ್ತದೆ. ಬಿಟ್ಟ ನೀರಿನಿಂದ ಕೊಬ್ಬು ಕಳೆದುಹೋಗುವುದಿಲ್ಲ: ಶೇಕಡಾ 34ರ 30 ಪೌಂಡ್ ಕೆನೆಯಲ್ಲೂ ಶೇಕಡಾ 30ರ 34 ಪೌಂಡ್ ಕೆನೆಯಲ್ಲೂ ಇರುವುದು 10.2 ಪೌಂಡ್ ಕೊಬ್ಬೇ. ಆದರೆ ಚೀಟಿಯಲ್ಲಿ ಕಣ್ಣಿಗೆ ಬೀಳುವುದು ಶೇಕಡಾ.

ಏಜೆಂಟರೆಲ್ಲ ಸಾಚಾ ಎಂದಲ್ಲ. ಪೌಂಡ್ ಕೊಬ್ಬಿಗೆ 25 ಸೆಂಟ್ ಎಂದಿಟ್ಟುಕೊಳ್ಳಿ. 40 ಪೌಂಡ್ ಕೆನೆಯಲ್ಲಿ 30ರ ಬದಲು 28 ಎಂದು ಓದಿದರೆ 20 ಸೆಂಟ್ ಏಜೆಂಟನ ಕಡೆ ಜಾರುತ್ತದೆ. ಬಾಟಲಿಯನ್ನು ತಣ್ಣಗೆ ಬಿಟ್ಟು ಓದಿದರೂ ಕಂಬ ಕುಗ್ಗುತ್ತದೆ. ಇದಕ್ಕೇ ಹಲವು ರಾಜ್ಯಗಳು ಪರೀಕ್ಷೆ ಮಾಡುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಬಾಟಲಿಗಳನ್ನು ತಪಾಸಣೆಗೊಳಪಡಿಸಿದವು. ಕೆನೆಯ ಬಾಟಲಿಯಲ್ಲಿ ಕಂಬದ ತಲೆ ಬಾಗಿರುವುದರಿಂದ ಎಲ್ಲಿಂದ ಓದಬೇಕೆಂಬ ವಾದವೂ ಇತ್ತು. ಕೆಂಪು ಬಣ್ಣ ಬೆರೆಸಿದ ಖನಿಜ ತೈಲದ ಕೆಲವು ಹನಿ ಮೇಲೆ ಬಿಟ್ಟರೆ ಬಾಗು ಮಾಯವಾಗಿ ಗೆರೆ ನೇರವಾಗುತ್ತದೆ.

ಪರೀಕ್ಷೆಗೆ ಕಾಣದ ಒಂದು ಸಂಗತಿಯಿತ್ತು: ರುಚಿ. ಬೇಸಿಗೆಯಲ್ಲಿ ವಾರವಿಡೀ ಕೂತ ಕೆನೆ ಹುಳಿಯಾಗುತ್ತದೆ, ಬಾಟಲಿ ಅದಕ್ಕೂ ಹೊಸ ಕೆನೆಗೂ ಒಂದೇ ಅಂಕ ಕೊಡುತ್ತದೆ. ದೊಡ್ಡ ಕಾರ್ಖಾನೆಗಳು ಸುಣ್ಣ ಅಥವಾ ಸೋಡಾ ಹಾಕಿ ಹುಳಿ ತಗ್ಗಿಸಿಯೇ ಪಾಶ್ಚರೀಕರಿಸುತ್ತಿದ್ದವು. ಹಾಗೆ ಮಾಡದೆ ಕಾಯಿಸಿದರೆ ಕೆನೆ ಒಡೆದು, ಗಟ್ಟಿಯಾದ ಪ್ರೋಟೀನಿನ ಜೊತೆ ಕೊಬ್ಬೂ ಹೋಗುತ್ತದೆ. ಬೆಣ್ಣೆಯೇನೋ ಆಗುತ್ತಿತ್ತು, ವಿಸ್ಕಾನ್ಸಿನ್, ಮಿನೆಸೋಟಗಳ ಹತ್ತಿರದ ಹಳ್ಳಿಗಳಿಂದ ಹೊಸ ಕೆನೆ ಪಡೆವ ಸಣ್ಣ ಕ್ರೀಮರಿಗಳ ಬೆಣ್ಣೆಗೆ ಅದು ಸಮವಲ್ಲ.

ಮೊಟ್ಟೆಯ ವ್ಯಾಪಾರ ಮಾತ್ರ ಹಳೆಯ ದಾಕ್ಷಿಣ್ಯದಲ್ಲೇ ಬಹುಕಾಲ ಸಿಕ್ಕಿಕೊಂಡಿತ್ತು. ಪೆಟ್ಟಿಗೆಗೆ 30 ಡಜನ್, 360 ಮೊಟ್ಟೆ. ಅಂಗಡಿಯವನು ಎಣಿಸಿ ದುಡ್ಡು ಕೊಡುತ್ತಿದ್ದ, ಒಳಗೇನಿದೆ ಎಂದು ನೋಡುತ್ತಿರಲಿಲ್ಲ. ನೋಡುವ ವಿದ್ಯೆ ಇಲ್ಲದೇ ಏನಿಲ್ಲ. ಕತ್ತಲ ಕೋಣೆಯಲ್ಲಿ, ತೂತಿನಿಂದ ಬರುವ ದೀಪದ ಬೆಳಕಿಗೆ ಮೊಟ್ಟೆಯ ದಪ್ಪ ತುದಿಯನ್ನು ಮೇಲು ಮಾಡಿ ಹಿಡಿದು ಚಕ್ಕನೆ ತಿರುಗಿಸಿದರೆ ಸಾಕು. ಚಿಪ್ಪಿನ ರಂಧ್ರಗಳಿಂದ ನೀರು ಆವಿಯಾದಷ್ಟೂ ಗಾಳಿಯ ಗೂಡು ದೊಡ್ಡದಾಗುತ್ತದೆ. ಬಿಳಿಭಾಗ ನೀರಾಗಿ, ಹಳದಿಯ ನೆರಳು ಚಿಪ್ಪಿನ ಹತ್ತಿರಕ್ಕೆ ತೇಲಿ ಕಪ್ಪಗೆ ಕಾಣುತ್ತದೆ. ರಕ್ತದ ಬಳೆ ಕಂಡರೆ ಭ್ರೂಣ ಬೆಳೆದು ಸತ್ತಿದೆ. ಫಲಿತ ಮೊಟ್ಟೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳವಣಿಗೆ ಶುರು. ಅದಕ್ಕೇ ಮಿಸೌರಿಯಂಥ ರಾಜ್ಯಗಳು ಬೇಸಿಗೆಗೆ ಮುಂಚೆ ‘ಹುಂಜದ ದಿನ’ ಗೊತ್ತುಮಾಡಿ, ಹುಂಜಗಳನ್ನು ಮಾರಿಬಿಡಿ ಎಂದು ಪ್ರಚಾರ ಮಾಡಿದವು. 1908ರಿಂದ ಫಿಲಡೆಲ್ಫಿಯಾದ ಸರ್ಕಾರಿ ಆಹಾರ ಸಂಶೋಧನಾಲಯವನ್ನು ನಡೆಸಿದ ಮೇರಿ ಎಂಗಲ್ ಪೆನ್ನಿಂಗ್ಟನ್ ಈ ದೀಪದ ಪರೀಕ್ಷೆಯನ್ನು ವ್ಯವಸ್ಥಿತಗೊಳಿಸಿದರು. ಆದರೆ ದೀಪ ಅಂಕಿ ಕೊಡುವುದಿಲ್ಲ, ನೋಡಿದವನ ಅಭಿಪ್ರಾಯ ಕೊಡುತ್ತದೆ. ಗಿರಾಕಿಯ ಎದುರು ಅಭಿಪ್ರಾಯ ಹೇಳುವ ಅಂಗಡಿಯವರು ಕಡಿಮೆ.

ಬಾಟಲಿ ಅಂಗಡಿಯಿಂದ ಕೊಟ್ಟಿಗೆಗೂ ಬಂತು. ಡೆನ್ಮಾರ್ಕಿನ ವೇಯೆನ್‌ನಲ್ಲಿ 1895ರಲ್ಲಿ ಶುರುವಾದ ಹಸು ಪರೀಕ್ಷಾ ಸಂಘದ ಮಾದರಿ, 1905ರಲ್ಲಿ ಮಿಷಿಗನ್ನಿನ ನ್ಯೂವೇಗೊ ಕೌಂಟಿಯಲ್ಲಿ ಅಮೆರಿಕದ ಮೊದಲ ಸಂಘವಾಯಿತು. ಸಾಮಾನ್ಯವಾಗಿ ಒಂದು ಸಂಘಕ್ಕೆ 26 ಮನೆ, ತಿಂಗಳಲ್ಲಿ ಭಾನುವಾರ ಬಿಟ್ಟು ಮಿಕ್ಕ ಕೆಲಸದ ದಿನಗಳಿಗೆ ಒಂದೊಂದು. ಪರೀಕ್ಷಕ ಸಂಜೆ ಬಂದು ಪ್ರತಿ ಹಸುವಿನ ಹಾಲು, ಮೇವು ತೂಗಿ, ಆ ಮನೆಯಲ್ಲೇ ಉಂಡು ಮಲಗಿ, ಬೆಳಗಿನ ಹಾಲೂ ತೂಗಿ, ಎರಡರ ಮಾದರಿ ಪರೀಕ್ಷಿಸಿ ಪುಸ್ತಕದಲ್ಲಿ ಬರೆದು ಮುಂದಿನ ಮನೆಗೆ ಹೊರಡುತ್ತಿದ್ದ. ಒಂದು ದಿನದ ಅಂಕಿಯನ್ನು ತಿಂಗಳ ದಿನಗಳಿಂದ ಗುಣಿಸುವುದು. ಅಂದು ಹಸು ಬೆದೆಗೆ ಬಂದಿದ್ದರೆ, ಮೇವು ಬದಲಾಗಿದ್ದರೆ ಆ ತಿಂಗಳು ಏರುಪೇರು, ವರ್ಷದ ಮೊತ್ತದಲ್ಲಿ ಅದು ಬಹುಪಾಲು ಸರಿಹೋಗುತ್ತದೆ. ವರ್ಷದ ಕೊನೆಗೆ ಕೆಲವು ಹಸುಗಳು ತಿಂದ ಮೇವಿನ ಬೆಲೆಯಷ್ಟೂ ಕೊಬ್ಬು ಕೊಟ್ಟಿರುತ್ತಿರಲಿಲ್ಲ. ನೊರೆಹಾಲು ಬಕೆಟ್ ತುಂಬಾ ಕರೆಯುವ ಹಸುವೇ ಹಾಗೆ ಸಿಕ್ಕಿಬೀಳುವುದೂ ಇತ್ತು, ತುಂಬಿದ ಬಕೆಟ್ಟಿನಲ್ಲಿ ಕೊಬ್ಬು ಶೇಕಡಾ 2.8 ಮಾತ್ರ ಇದ್ದರೆ. ಮನೆಯವರಿಗೆ ಪ್ರೀತಿಯ ಹಸುವಾದರೂ, ಅವರ ಊಟದ ಮೇಜಿನಲ್ಲೇ ಕೂತು ಪುಸ್ತಕದ ಆ ಪುಟ ತೋರಿಸುವುದು ಪರೀಕ್ಷಕನ ಕೆಲಸ. ಅವನ ಸಂಬಳ ಹಸುವಿಗಿಷ್ಟು ಎಂದು ಎಲ್ಲ ಸದಸ್ಯರು ಹಾಕುವ ವಂತಿಗೆಯಿಂದ ಬರುತ್ತಿತ್ತು, ಫಲಿತಾಂಶ ಏನೇ ಬರಲಿ ಮೊತ್ತ ಅಷ್ಟೇ.